ಪೊಟ್ಟಣದ ತಳದಲ್ಲಿ ಕೂತ ಕ್ಯಾಲ್ಸಿಯಂ

ಮುಂಬಯಿ ಮಗ್ಗುಲಿನ ಡೊಂಬಿವಲಿ, ಠಾಣೆಯ ನಮ್ಮವರ ಮನೆಗಳಲ್ಲಿ ಈಗ ತಬೇಲಾ (ಎಮ್ಮೆ ಕೊಟ್ಟಿಗೆ) ಹಾಲಿನ ಪಕ್ಕ ಬಾದಾಮಿ ಹಾಲಿನ ಪೊಟ್ಟಣವೂ ಫ್ರಿಜ್ ಸೇರಿದೆ. ಕುಡಿಯಲಿ, ಬೇಡ ಎನ್ನುವುದಿಲ್ಲ. ಆದರೆ “ಬಾದಾಮಿ ಅಂದಮೇಲೆ ಪ್ರೋಟೀನ್ ಇರ್ಲೇಬೇಕಲ್ಲ ಮಾರಾಯ್ರೆ” ಎಂದಾಗ ಸುಮ್ಮನಿರಲಾಗುವುದಿಲ್ಲ. ಪ್ರೋಟೀನ್ ಇರುವುದು ಬಾದಾಮಿಯಲ್ಲಿ. ಪೊಟ್ಟಣದಲ್ಲಿ ಬಾದಾಮಿ ಸಾಮಾನ್ಯವಾಗಿ ನೂರಕ್ಕೆ ಎರಡು-ಮೂರು ಪಾಲು, ಮಿಕ್ಕಿದ್ದು ಹೆಚ್ಚುಕಡಿಮೆ ನೀರೇ. ಹಾಗಾಗಿ 100 ಮಿಲಿಗೆ ಸಿಗುವ ಪ್ರೋಟೀನ್ ಅರ್ಧ ಗ್ರಾಂ ಆಸುಪಾಸು. ಹಸುವಿನ ಹಾಲಿನಲ್ಲಿ 3.2 ಗ್ರಾಂ, ಎಮ್ಮೆಯದರಲ್ಲಿ ಇನ್ನೂ ಹೆಚ್ಚು. ಓಟ್ಸ್ ಹಾಲು ಒಂದು ಗ್ರಾಂ ಸುತ್ತಮುತ್ತ. ಸೋಯಾ ಒಂದೇ 3 ಗ್ರಾಂ ಮುಟ್ಟಿ ಸಮಕ್ಕೆ ನಿಲ್ಲುತ್ತದೆ.

ಪ್ರೋಟೀನಿನ ಲೆಕ್ಕ ಅಷ್ಟೇ. ಸ್ವಾರಸ್ಯ ಇರುವುದು ಕ್ಯಾಲ್ಸಿಯಂನಲ್ಲಿ.

100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೊತೆಗೆ ಬೇಕಾದಷ್ಟು ಫಾಸ್ಫೇಟ್. ಇಷ್ಟೇ ಆಮ್ಲೀಯತೆಯ ಬರೀ ನೀರಿನಲ್ಲಿ ಇವೆರಡೂ ಸೇರಿದ್ದರೆ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತಿದ್ದವು. ಹಾಲಿನಲ್ಲಿ ಹಾಗಾಗದಂತೆ ತಡೆಯುವುದು ಕೇಸೀನ್ ಎಂಬ ಪ್ರೋಟೀನ್. ಅದರ ಸರಪಳಿಯಲ್ಲಿ ಅಲ್ಲಲ್ಲಿ ಫಾಸ್ಫೇಟ್ ಹೊತ್ತ ಸೀರಿನ್ ಎಂಬ ಅಮೈನೋ ಆಮ್ಲದ ಗುಂಪುಗಳಿವೆ. ಕ್ಯಾಲ್ಸಿಯಂ ಫಾಸ್ಫೇಟಿನ ಕಣ ಹುಟ್ಟುತ್ತಿದ್ದಂತೆ ಇವು ಅದನ್ನು ಸುತ್ತುವರಿದು ಬೆಳೆಯಲು ಬಿಡುವುದಿಲ್ಲ. ಅಂಥ ನೂರಾರು ಕಣಗಳೂ ಸಾವಿರಾರು ಕೇಸೀನ್ ಅಣುಗಳೂ ಕೂಡಿ ಒಂದು ಉಂಡೆ. ವಿಜ್ಞಾನಿಗಳು ಇದಕ್ಕೆ ಮೈಸೆಲ್ ಎನ್ನುತ್ತಾರೆ. ಕದಂಬದ ಹೂವಿನ ಹಾಗೆ ಮೈತುಂಬ ನವಿರು ಎಳೆಗಳು, ಎಳೆಗಳ ತುಂಬ ಋಣ ವಿದ್ಯುದಂಶ; ಒಂದು ಉಂಡೆ ಇನ್ನೊಂದನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ಮೂರರಲ್ಲಿ ಎರಡು ಪಾಲು ಅಡಗಿರುವುದು ಇಲ್ಲೇ. ಹೆಪ್ಪು ಹಾಕಿದಾಗ ಹುಳಿಗೆ ಆ ಎಳೆಗಳು ಮುದುಡಿ, ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಮೊಸರಾಗುತ್ತದೆ.

ಸಸ್ಯದ ಹಾಲಿನಲ್ಲಿ ಕೇಸೀನ್ ಇಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಫಾಸ್ಫೇಟನ್ನು ಹೊರಗಿನಿಂದ ಬೆರೆಸಿ, ಅದು ಕೂರದಿರಲೆಂದು ಗೋಂದು ಹಾಕುತ್ತಾರೆ. ಆದರೂ ಕೂರುತ್ತದೆ. ಮುಗಿದ ಪೊಟ್ಟಣವನ್ನು ಕತ್ತರಿಯಿಂದ ಸೀಳಿ ನೋಡಿ: ಎಷ್ಟೋ ಸಲ ತಳದ ಮೂಲೆಯಲ್ಲಿ ಬಿಳಿ ಗಸಿ ಇರುತ್ತದೆ, ಬೆರಳಲ್ಲಿ ಉಜ್ಜಿದರೆ ತರಿತರಿ. ನೀವು ದುಡ್ಡು ಕೊಟ್ಟ ಕ್ಯಾಲ್ಸಿಯಂ ಅದು! ಚೆನ್ನಾಗಿ ಕುಲುಕಿ ಕುಡಿದರೆ, ಕಾರ್ಬೊನೇಟ್ ಬೆರೆಸಿದ ಸೋಯಾ ಹಾಲಿನಿಂದಲೂ ದೇಹ ಹಸುವಿನ ಹಾಲಿನಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಏನೂ ಬೆರೆಸದ ಸೋಯಾ ಹಾಲಿನಲ್ಲಿ ಮಾತ್ರ ಕ್ಯಾಲ್ಸಿಯಂ ತೀರಾ ಕಡಿಮೆ.

ಬೆರೆಸಿದ್ದು ಎಂದೊಡನೆ ಮೂಗು ಮುರಿಯಬೇಕಾಗಿಲ್ಲ. ಮುಂಬಯಿಗೆ ಇದೇನು ಹೊಸದೇ? ಗೋರೆಗಾಂವಿನ ಆರೇ ಕಾಲೊನಿ ಕಟ್ಟಿಸಿದ ದಾರಾ ಖುರೋಡಿಯವರು ಎಮ್ಮೆಯ ಗಟ್ಟಿ ಹಾಲಿಗೆ ನೀರು, ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ ‘ಟೋನ್ಡ್’ ಹಾಲನ್ನು ಊರಿಗೆಲ್ಲ ಕುಡಿಸಿದರು. 1963ರ ಮ್ಯಾಗ್ಸೆಸೆ ಪ್ರಶಸ್ತಿ ಅಮುಲ್‌ನ ಕುರಿಯನ್, ತ್ರಿಭುವನದಾಸ ಪಟೇಲರ ಜೊತೆ ಅವರಿಗೂ ಬಂತು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇನ್ನೂ ಮುಂದೆ ಹೋಗಿ ಶೇಂಗಾ ಪ್ರೋಟೀನನ್ನೇ ಹಾಲಿಗೆ ಕೂಡಿಸಿ ‘ಮಿಲ್ಟೋನ್’ ಮಾಡಿತ್ತು.

ದೊಡ್ಡವರು ಯಾವುದನ್ನು ಕುಡಿದರೂ ಕೊರತೆಯನ್ನು ರಾಗಿ, ಬೇಳೆ, ಎಳ್ಳು ತುಂಬಿಕೊಡುತ್ತವೆ. ತುಂಬಿಕೊಡಲಾಗದ್ದು ವಿಟಮಿನ್ ಬಿ12, ಅದನ್ನು ಬೆರೆಸಿದ್ದಾರೋ ಇಲ್ಲವೋ ಎಂದು ಪೊಟ್ಟಣದ ಹಿಂಬದಿಯಲ್ಲಿ ನೋಡಬೇಕು. ಕೂಸುಗಳ ವಿಷಯದಲ್ಲಿ ನನಗೆ ನಿಜವಾಗಿಯೂ ಹೆದರಿಕೆ. ಅಮೆರಿಕದಲ್ಲಿ ಅಕ್ಕಿ ಹಾಲನ್ನೇ ನಂಬಿ ಬೆಳೆಸಿದ ಮಗುವಿಗೆ ಪ್ರೋಟೀನ್ ಕೊರತೆಯಿಂದ ಕ್ವಾಶಿಯೋರ್ಕರ್ ಎಂಬ ಕಾಯಿಲೆ ಬಂದದ್ದನ್ನು ‘ಪೀಡಿಯಾಟ್ರಿಕ್ಸ್’ ಪತ್ರಿಕೆ 2001ರಲ್ಲಿ ವರದಿ ಮಾಡಿತ್ತು. ವರ್ಷ ತುಂಬದ ಮಗುವಿಗೆ ತಾಯಿಹಾಲಿನ ಬದಲು ಬಾದಾಮಿ ಹಾಲೂ ಸಲ್ಲದು, ಹಸುವಿನ ಹಾಲೂ ಸಲ್ಲದು.