ಮರಾಘಾದ ನೀಲಿ ಗೋಪುರ ಮತ್ತು ಐದು ಅಚ್ಚುಗಳು

ಬದಿ, ಮೂಲೆ ಎಲ್ಲ ಸಮನಾದ ಐದು ಮೂಲೆಯ ಟೈಲ್‌ಗಳನ್ನಷ್ಟೇ ಕೊಟ್ಟು ನೆಲಕ್ಕೆ ಹಾಸಿ ಅಂದರೆ ಯಾವ ಗಾರೆ ಕೆಲಸದವರಿಂದಲೂ ಆಗದು. ಮೂರು ಟೈಲ್‌ಗಳನ್ನು ಮೂಲೆಗೆ ಮೂಲೆ ಕೂಡಿಸಿದರೆ 324 ಡಿಗ್ರಿ ತುಂಬುತ್ತದೆ. ಉಳಿದ 36 ಡಿಗ್ರಿ ಸಂದಿಯಲ್ಲಿ ನಾಲ್ಕನೆಯದು ಹಿಡಿಸುವುದಿಲ್ಲ. ಆದರೆ ವಾಯವ್ಯ ಇರಾನಿನ ಮರಾಘಾ ಊರಿನಲ್ಲಿ, 1197ರ ಸುಮಾರಿಗೆ ಕಟ್ಟಿದ ಗೋರಿ ಗೋಪುರದ ಗೋಡೆಗಳ ಮೇಲೆ ಐದು, ಹತ್ತರ ಲೆಕ್ಕದ ವಿನ್ಯಾಸ ಹಬ್ಬಿಕೊಂಡಿದೆ!

ಅದು ಗುಂಬದ್-ಎ-ಕಬೂದ್, ಅಂದರೆ ನೀಲಿ ಗುಮ್ಮಟ. ಮಂಗೋಲ್ ದೊರೆ ಹುಲಗು ಖಾನನ ತಾಯಿಯ ಗೋರಿ ಎಂಬ ಮಾತೂ ಇದೆ. ಅದನ್ನು ಒಪ್ಪುವುದು ಕಷ್ಟ. ಹುಲಗು ಬಾಗ್ದಾದ್ ಗೆದ್ದ 1258ರ ಹೊತ್ತಿಗೆ ಗೋಪುರಕ್ಕೆ ಆಗಲೇ 60 ವರ್ಷ ದಾಟಿತ್ತು. ಹತ್ತು ಮುಖದ ಇಟ್ಟಿಗೆ ಕಟ್ಟಡ, ಮೂಲೆಮೂಲೆಗೂ ಗೋಡೆಗಂಟಿದ ದುಂಡು ಕಂಬ, ಇಟ್ಟಿಗೆಗಳ ನಡುವೆ ನೀಲಿ ಮೆರುಗಿನ ತುಂಡುಗಳು.

ವಿನ್ಯಾಸ ಕೂಡಿಬಂದದ್ದು ಹೇಗೆ? ಭೌತವಿಜ್ಞಾನಿಗಳಾದ ಪೀಟರ್ ಲು ಮತ್ತು ಪಾಲ್ ಸ್ಟೈನ್‌ಹಾರ್ಟ್ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಕುಶಲಕರ್ಮಿಗಳ ಬಳಿ ಐದು ಬಗೆಯ ಅಚ್ಚುಗಳಿದ್ದವು, ಅಂದರೆ ವಿನ್ಯಾಸ ಬರೆಯಲು ಪಕ್ಕಪಕ್ಕ ಜೋಡಿಸುವ ಮಾದರಿ ಆಕಾರಗಳು, ಎನ್ನುತ್ತಾರೆ ಅವರು. ಹತ್ತು ಮೂಲೆಯದು, ಐದು ಮೂಲೆಯದು, ಉದ್ದಕ್ಕೆ ಎಳೆದಂಥ ಆರು ಮೂಲೆಯದು, ವಜ್ರದಾಕಾರದ್ದು, ಇನ್ನೊಂದು ಡಮರುಗದ ಹಾಗೆ ನಡು ಸಣ್ಣಗಿರುವುದು. ಎಲ್ಲದರ ಅಂಚೂ ಒಂದೇ ಅಳತೆ. ಮೂಲೆಗಳೆಲ್ಲ 36ರ ಮಗ್ಗಿಯಲ್ಲೇ ಬರುತ್ತವೆ. ಹತ್ತು ಮೂಲೆಯ ಎರಡು ಅಚ್ಚು ಕೂಡಿದರೆ 144ಕ್ಕೆ 144 ಸೇರಿ 288. ಉಳಿದ 72 ಡಿಗ್ರಿ ಸಂದಿಗೆ ಡಮರುಗದ ಮೊನೆ ಸರಿಯಾಗಿ ಕೂರುತ್ತದೆ.

ನಿಜವಾದ ಜಾಣ್ಮೆ ಇರುವುದು ಗೆರೆಗಳಲ್ಲಿ. ಪ್ರತಿ ಅಚ್ಚಿನ ಮೇಲೂ ಗೆರೆಗಳಿವೆ. ಅವು ಅಂಚನ್ನು ಸರಿಯಾಗಿ ಅದರ ಮಧ್ಯದಲ್ಲೇ, ಅದೇ ಓರೆಯಲ್ಲೇ ಮುಟ್ಟುತ್ತವೆ. ಹಾಗಾಗಿ ಯಾವ ಅಚ್ಚಿನ ಪಕ್ಕ ಯಾವುದನ್ನಿಟ್ಟರೂ ಗೆರೆ ತುಂಡಾಗುವುದಿಲ್ಲ. ಗೋಡೆಯ ಮೇಲೆ ಉಳಿಯುವುದು ಗೆರೆಗಳು ಮಾತ್ರ, ಅಚ್ಚಿನ ಅಂಚುಗಳು ಕಾಣುವುದೇ ಇಲ್ಲ. ಇದೇ ದಾರಿ ಮುಂದೆ 1453ರ ಇಸ್ಫಹಾನಿನ ದರ್ಬ್-ಎ-ಇಮಾಮ್ ದರ್ಗಾದವರೆಗೂ ಹೋಯಿತು. ಅಲ್ಲಿನ ವಿನ್ಯಾಸ, 1970ರ ದಶಕದಲ್ಲಿ ಬ್ರಿಟನ್ನಿನ ಗಣಿತಜ್ಞ ರೋಜರ್ ಪೆನ್‌ರೋಸ್ ಕಂಡುಕೊಂಡ, ಎಂದೂ ಮರುಕಳಿಸದ ಜೋಡಣೆಗೆ ತೀರಾ ಹತ್ತಿರದ್ದು.

ಅಚ್ಚು ಯಾಕೆ, ಕೈವಾರ, ಅಳತೆಪಟ್ಟಿ ಸಾಕಿತ್ತಲ್ವಾ ಅನ್ನುವ ವಿದ್ವಾಂಸರೂ ಇದ್ದಾರೆ. ಆದರೆ ಮರಾಘಾದ ದಪ್ಪ ಗೆರೆಗಳ ನಡುವೆ ಸಣ್ಣ ಇಟ್ಟಿಗೆಗಳ ಇನ್ನೊಂದು ವಿನ್ಯಾಸವಿದೆ. ಅದು ದೊಡ್ಡ ವಿನ್ಯಾಸದ ಐದರ ಲೆಕ್ಕಕ್ಕೆ ಹೊಂದುವುದಿಲ್ಲ. ಕಾಣದ ಡಮರುಗ, ವಜ್ರ, ಷಡ್ಭುಜಗಳನ್ನು ಅರ್ಧ ಸುತ್ತು ತಿರುಗಿಸಿದರೆ ಹೇಗೆ ಮತ್ತೆ ಮೊದಲಿನಂತೆಯೇ ಕೂರುತ್ತವೋ, ಆ ಲೆಕ್ಕಕ್ಕೆ ಹೊಂದುತ್ತದೆ. ಬರೀ ಕೈವಾರದಲ್ಲಿ ಗೆರೆ ಎಳೆದವರಿಗೆ ಈ ಆಕಾರಗಳ ಹಂಗೇ ಇರುತ್ತಿರಲಿಲ್ಲ. ನನ್ನ ಮತ ಅಚ್ಚುಗಳಿಗೇ.