ಬರ್ನ್ ನೋಡೋಕೆ ಎರಡು ದಿನ ಸಾಕಾ?

ಪ್ರಶ್ನೆ: ಯುರೋಪ್ ಪ್ರವಾಸದಲ್ಲಿ ಸ್ವಿಟ್ಜರ್ಲೆಂಡಿಗೆ ಅಂತ ಎರಡೇ ದಿನ ಸಿಕ್ಕಿದೆ. ಒಂದೇ ಊರಲ್ಲಿ ಉಳಿಯೋಣ, ಅದು ಬರ್ನ್ ಆಗಲಿ ಅಂದುಕೊಂಡಿದ್ದೇವೆ. ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಎರಡು ದಿನ ಸಾಕಾಗುತ್ತಾ? ರೈಲು ಪಾಸ್ ತಗೊಳ್ಳಬೇಕಾ?

ಉತ್ತರ: ಸಾಕು. ಎರಡು ರಾತ್ರಿ ಅಲ್ಲೇ ತಂಗಿದರೆ ಧಾರಾಳವಾಗಿ ಸಾಕು. ಎರಡು ದಿನದಲ್ಲಿ ಜ್ಯೂರಿಕ್, ಲೂಸರ್ನ್, ಇಂಟರ್‌ಲಾಕನ್ ಮೂರನ್ನೂ ಮುಗಿಸಬೇಕು ಅಂತ ಓಡುವವರು ಬರ್ನ್ ಊರನ್ನು ರೈಲಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗಿಬಿಡುತ್ತಾರೆ. ನೀವು ಅಲ್ಲೇ ಉಳಿಯುವ ಮನಸ್ಸು ಮಾಡಿದ್ದು ನನಗೆ ನಿಜಕ್ಕೂ ಖುಷಿ. ಅಮ್ಮ ಜೊತೆಗಿರುವಾಗಲಂತೂ ಆ ದೇಶದಲ್ಲಿ ನಾನು ಮೊದಲು ಹೇಳುವ ಊರು ಇದೇ. ಕಾರಣ ಆ ಊರು ಕಟ್ಟಿದ ರೀತಿಯಲ್ಲೇ ಇದೆ. ಅದು ಗೊತ್ತಾದರೆ ನಿಮ್ಮ ಪ್ಲಾನ್ ಅರ್ಧ ಮುಗಿದ ಹಾಗೇ.

ಆರೆ ನದಿ ದಕ್ಷಿಣದಿಂದ ಹರಿದು ಬಂದು, ಹಳೇ ಊರನ್ನು ಮೂರು ಕಡೆಯಿಂದ ಬಳಸಿ ಮುಂದೆ ಹೋಗುತ್ತದೆ. ಡ್ಯೂಕ್ ಐದನೇ ಬರ್ಟೋಲ್ಡ್ 1191ರಲ್ಲಿ ಈ ತಿರುವಿನ ತುದಿಯಲ್ಲಿ ಊರು ಕಟ್ಟಿಸಿದ. ಮೂರು ಕಡೆ ಆಳದಲ್ಲಿ ಹರಿಯುವ ನದಿ ಇರುವಾಗ, ಗೋಡೆ ಕಟ್ಟಿ ಕಾಯಬೇಕಾದದ್ದು ಪಶ್ಚಿಮ ದಿಕ್ಕನ್ನು ಮಾತ್ರ. ಊರು ಬೆಳೆಯೋಕೆ ಜಾಗ ಇದ್ದದ್ದೂ ಆ ಕಡೆಗೇ. ಹಾಗಾಗಿ ಬೆಳೆದಾಗಲೆಲ್ಲ ಪಶ್ಚಿಮಕ್ಕೆ ಇನ್ನೊಂದು ಗೋಡೆ, ಇನ್ನೊಂದು ಹೆಬ್ಬಾಗಿಲು. ಮೊದಲನೆಯದು ಈಗ ಗಡಿಯಾರದ ಗೋಪುರವಾಗಿರುವ ಟ್ಸೀಟ್‌ಗ್ಲಾಗ್ಗೆ. ಎರಡನೆಯದು ಕೇಫಿಗ್‌ಟುರ್ಮ್, ಮುಂದೆ ಜೈಲಾಗಿ ಬಳಕೆಯಾದದ್ದು. ಮೂರನೆಯದು ಕ್ರಿಸ್ಟೊಫೆಲ್ ಗೋಪುರ. ಅದನ್ನು 1865ರಲ್ಲಿ ಕೆಡವಿದರು. ಅದು ನಿಂತಿದ್ದ ಜಾಗದ ಪಕ್ಕದಲ್ಲೇ ಇವತ್ತಿನ ರೈಲ್ವೆ ಸ್ಟೇಷನ್ ಇದೆ. ಗೋಪುರದ ಬುಡದ ಕಲ್ಲುಗಳನ್ನು ಸ್ಟೇಷನ್ನಿನ ನೆಲದಡಿಯ ದಾರಿಯಲ್ಲಿ ಈಗಲೂ ನೋಡಬಹುದು.

ಹಾಗಾಗಿ ಸ್ಟೇಷನ್ನಿಂದ ಪೂರ್ವಕ್ಕೆ ನಡೆದರೆ ಒಂದೊಂದೇ ಹೆಬ್ಬಾಗಿಲು ದಾಟಿ ಹಿಂದಿನ ಕಾಲಕ್ಕೆ ಹೋಗುತ್ತೀರಿ. ತುದಿಯ ನಿಡೆಗ್ ಸೇತುವೆ ಮುಟ್ಟುವ ಹೊತ್ತಿಗೆ ಊರು ಶುರುವಾದ ಜಾಗಕ್ಕೇ ಬಂದಿರುತ್ತೀರಿ. ಒಟ್ಟು ದೂರ ಸುಮಾರು ಒಂದೂವರೆ ಕಿಲೋಮೀಟರ್. ಅಮ್ಮನ ದೃಷ್ಟಿಯಿಂದ ಮುಖ್ಯವಾದದ್ದು, ದಾರಿ ಉದ್ದಕ್ಕೂ ನದಿಯ ಕಡೆಗೆ ಇಳಿಜಾರು. ನಡೆಯುತ್ತಾ ಇಳಿಯಿರಿ. ವಾಪಸ್ಸು ಬರುವಾಗ ಏರು ಹತ್ತೋಕೆ ಹೋಗಬೇಡಿ. ಕೆಳಗಡೆ ಕರಡಿ ಪಾರ್ಕ್ ಹತ್ತಿರ 12ನೇ ನಂಬರ್ ಬಸ್ ಸಿಗುತ್ತದೆ, ಅದು ನೇರ ಸ್ಟೇಷನ್ನಿಗೆ ತಂದು ಬಿಡುತ್ತದೆ. ಮೊದಲ ದಿನಕ್ಕೆ ಇದಕ್ಕಿಂತ ಜಾಸ್ತಿ ಯೋಜನೆ ಬೇಡ.

ಮಳೆ ಬಂದರೂ ಈ ನಡಿಗೆ ನಿಲ್ಲುವುದಿಲ್ಲ. 1405ರಲ್ಲಿ ದೊಡ್ಡ ಬೆಂಕಿ ಬಿದ್ದು ಮರದ ಮನೆಗಳ ಊರು ಬಹುಪಾಲು ಸುಟ್ಟುಹೋಯಿತು. ಆಮೇಲೆ ಹಸಿರು ಛಾಯೆಯ ಮರಳುಗಲ್ಲಿನಲ್ಲಿ ಮನೆ ಕಟ್ಟಿಕೊಂಡರು. ಇವತ್ತು ಬೀದಿಯ ಎರಡೂ ಕಡೆ ಕಾಣುವ ಒಂದೇ ಬಣ್ಣದ ಸಾಲು ಅದರ ಫಲ. ಮನೆಗಳ ಕೆಳಗಿನ ಅಂತಸ್ತು ಬೀದಿಗೆ ತೆರೆದ ಕಮಾನು ಸಾಲು. ಜನ ಅದರೊಳಗೇ ಓಡಾಡುತ್ತಾರೆ. ಇಂಥ ಚಾವಣಿ ಇರುವ ದಾರಿ ಹಳೇ ಊರಲ್ಲಿ ಒಟ್ಟು 6 ಕಿಲೋಮೀಟರ್ ಇದೆ. ಅಂಗಡಿಗಳೆಲ್ಲ ಇದರ ಒಳಗೆ. ಬೀದಿ ಅಂಚಿನಲ್ಲಿ ಓರೆಯಾದ ಮರದ ಬಾಗಿಲುಗಳು ಕಾಣುತ್ತವೆ, ಅವು ನೆಲಮಾಳಿಗೆಗೆ ಇಳಿಯುವ ಬಾಗಿಲುಗಳು. ಅಲ್ಲೂ ಅಂಗಡಿ, ಪುಟ್ಟ ನಾಟಕಶಾಲೆ, ಬಾರುಗಳಿವೆ. ಹಳೇ ಊರು ಪೂರ್ತಿ 1983ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆದರೂ ಜನ ಅಲ್ಲಿ ವಾಸ ಮಾಡುತ್ತಾರೆ, ತರಕಾರಿ ಚೀಲ ಹಿಡಿದು ಓಡಾಡುತ್ತಾರೆ. ನನಗೆ ಅತಿ ಇಷ್ಟವಾಗುವುದು ಇದೇ.

ಗಡಿಯಾರದ ಗೋಪುರದ ಹತ್ತಿರ ಸಮಯ ನೋಡಿಕೊಂಡು ಹೋಗಿ. ಗಂಟೆ ಹೊಡೆಯೋಕೆ ಸುಮಾರು ನಾಲ್ಕು ನಿಮಿಷ ಮುಂಚೆಯೇ ಆಟ ಶುರುವಾಗುತ್ತದೆ. ಹುಂಜ ಕೂಗುತ್ತದೆ, ಪುಟಾಣಿ ಕರಡಿಗಳು ಮೆರವಣಿಗೆ ಹೊರಡುತ್ತವೆ, ವಿದೂಷಕ ಗಂಟೆ ಬಾರಿಸುತ್ತಾನೆ, ಕಾಲದೇವತೆ ಮರಳು ಗಡಿಯಾರ ತಿರುಗಿಸುತ್ತಾನೆ. ಇದೆಲ್ಲ ಕಾಣುವುದು ಪೂರ್ವದ ಮುಖದಲ್ಲಿ. ಸ್ಟೇಷನ್ ಕಡೆಯಿಂದ ಬರುವವರು ಹೆಬ್ಬಾಗಿಲು ದಾಟಿ, ತಿರುಗಿ ನಿಂತು ನೋಡಬೇಕು. ಬಹಳ ಜನ ಈ ಕಡೆಯೇ ನಿಂತು ಕಾಯುತ್ತಾರೆ, ಪಾಪ. 1530ರಲ್ಲಿ ಕಾಸ್ಪರ್ ಬ್ರುನ್ನರ್ ಎಂಬ ಕುಶಲಕರ್ಮಿ ಮಾಡಿದ ಯಂತ್ರ ಇದು. ಸೂರ್ಯ ಚಂದ್ರರ ಸ್ಥಾನ, ರಾಶಿ, ವಾರ, ತಿಂಗಳು ಎಲ್ಲವನ್ನೂ ತೋರಿಸುವ ಇನ್ನೊಂದು ಮುಖವೂ ಅದರ ಕೆಳಗೇ ಇದೆ. ನಾಲ್ಕು ನಿಮಿಷದ ಆಟ ನೋಡಿ ಹೊರಟುಬಿಡಬೇಡಿ. ಐದು ನಿಮಿಷ ಆ ರಾಶಿಚಕ್ರದ ಮುಂದೆ ನಿಲ್ಲಿ. ನಮ್ಮ ಪಂಚಾಂಗ ಓದಿ ಗೊತ್ತಿರುವ ಅಮ್ಮನಿಗೆ ಅದು ನಮ್ಮೆಲ್ಲರಿಗಿಂತ ಬೇಗ ಅರ್ಥವಾಗಬಹುದು.

ಅಲ್ಲಿಂದ ಮುಂದಿನ ಬೀದಿ ಕ್ರಾಮ್‌ಗಾಸ್ಸೆ. ಅದರ 49ನೇ ನಂಬರ್ ಮನೆಯ ಎರಡನೇ ಮಹಡಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ 1903ರಿಂದ 1905ರವರೆಗೆ ಬಾಡಿಗೆಗಿದ್ದರು. ಹಗಲು ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತಿಕೆಯಂಥ ಕೆಲಸ. ಮನೆಯಲ್ಲಿ ಹೆಂಡತಿ ಮಿಲೆವಾ, ಹಸುಗೂಸು. ಸಾಪೇಕ್ಷತೆಯ ಲೇಖನ ಹೊರಬಂದ 1905 ಇದೇ ಊರಿನ ವರ್ಷ. ಮನೆ ಈಗ ಚಿಕ್ಕ ಮ್ಯೂಸಿಯಂ. ಮೆಟ್ಟಿಲು ಹತ್ತಬೇಕಾಗುತ್ತದೆ, ಅಮ್ಮನಿಗೆ ಬೇಡ ಅನಿಸಿದರೆ ಕೆಳಗೆ ಕಮಾನಿನಡಿ ಕಾಫಿ ಕುಡಿಯುತ್ತಾ ಕೂರಲಿ. ಐನ್‌ಸ್ಟೈನ್ ಬಗ್ಗೆ ಜಾಸ್ತಿ ತಿಳಿಯಬೇಕು ಅನ್ನುವವರಿಗೆ ನದಿಯಾಚೆ ಹೆಲ್ವೆಟಿಯಾಪ್ಲಾಟ್ಸ್‌ನ ಇತಿಹಾಸ ಮ್ಯೂಸಿಯಂನಲ್ಲಿ ದೊಡ್ಡ ಐನ್‌ಸ್ಟೈನ್ ವಿಭಾಗವೇ ಇದೆ.

ಬೀದಿ ಮಧ್ಯದ ಕಾರಂಜಿಗಳನ್ನು ಸುಮ್ನೆ ದಾಟಿ ಹೋಗಬೇಡಿ. ಕಂಬದ ಮೇಲೆ ಬಣ್ಣದ ವಿಗ್ರಹ ಇರುವ ಇವು 16ನೇ ಶತಮಾನದವು. ಗಡಿಯಾರದ ಹತ್ತಿರದ ಚೌಕದಲ್ಲಿ ಮಗುವನ್ನು ತಿನ್ನುವ ರಾಕ್ಷಸನ ಕಾರಂಜಿ ಇದೆ. ಅವನು ಯಾರು, ಯಾಕೆ ಅಲ್ಲಿದ್ದಾನೆ ಅಂತ ಇವತ್ತಿಗೂ ಜನ ವಾದ ಮಾಡುತ್ತಾರೆ. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಇನ್ನೂ ಕೆಳಗಡೆ ಸಿಗುವ ನ್ಯಾಯದೇವತೆಯ ಕಾರಂಜಿ. 1543ರದ್ದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕತ್ತಿ ತಕ್ಕಡಿ ಹಿಡಿದು ನಿಂತಿದ್ದಾಳೆ. ಅವಳ ಕಾಲ ಬುಡದಲ್ಲಿ ಪೋಪ್, ಚಕ್ರವರ್ತಿ, ಸುಲ್ತಾನರ ಜೊತೆಗೆ ಆ ಊರಿನ ಮುಖ್ಯಸ್ಥನೂ ಇದ್ದಾನೆ. ತಮ್ಮ ಊರಿನ ದೊಡ್ಡ ಮನುಷ್ಯನನ್ನೂ ಅಲ್ಲೇ ಕೂರಿಸಿದ್ದಾರೆ, ನೋಡಿ! ಊರಿನ ಕಾರಂಜಿಗಳ ನೀರು ಕುಡಿಯೋಕೆ ಯೋಗ್ಯ. ಖಾಲಿ ಬಾಟಲಿ ಜೊತೆಗಿಟ್ಟುಕೊಂಡರೆ ನೀರಿಗೆ ದುಡ್ಡು ಕೊಡುವ ಅಗತ್ಯವಿಲ್ಲ.

ಮುಖ್ಯ ಬೀದಿಯಿಂದ ಸ್ವಲ್ಪ ಬಲಕ್ಕೆ ಮ್ಯುನ್‌ಸ್ಟರ್ ಚರ್ಚು. ಕೆಲಸ ಶುರುವಾದದ್ದು 1421ರಲ್ಲಿ, ಗೋಪುರ ಪೂರ್ತಿಯಾದದ್ದು 1893ರಲ್ಲಿ. 100 ಮೀಟರ್ ಎತ್ತರದ ಈ ಗೋಪುರ ಸ್ವಿಟ್ಜರ್ಲೆಂಡಿನ ಚರ್ಚುಗಳಲ್ಲೇ ಎತ್ತರದ್ದು. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲಿದೆ, ಹತ್ತುವವರು ಹತ್ತಿ. ಹತ್ತದವರು ಬಾಗಿಲ ಮೇಲಿನ ಕೆತ್ತನೆ ನೋಡಿ. ಲೋಕದ ಕೊನೆಯ ದಿನದ ತೀರ್ಪಿನ ದೃಶ್ಯ, ಇನ್ನೂರಕ್ಕೂ ಹೆಚ್ಚು ವಿಗ್ರಹಗಳು. 1528ರಲ್ಲಿ ಬರ್ನ್ ಪ್ರಾಟೆಸ್ಟೆಂಟ್ ಆದಾಗ ಚರ್ಚಿನ ಒಳಗಿದ್ದ ಮೂರ್ತಿಗಳನ್ನೆಲ್ಲ ತೆಗೆದರು, ಈ ಬಾಗಿಲನ್ನು ಮಾತ್ರ ಮುಟ್ಟಲಿಲ್ಲ. ಪಕ್ಕದಲ್ಲೇ ಮರಗಳ ನೆರಳಿನ ವಿಶಾಲ ಜಗಲಿ ಇದೆ, ಕೆಳಗೆ ನದಿ. ಅಲ್ಲಿ ಬೆಂಚು ಹಿಡಿದು ಅರ್ಧ ಗಂಟೆ ಕೂರಿ. ಅಲ್ಲಿಂದ ನದಿ ದಡದ ಮಾಟ್ಟೆ ಕೇರಿಗೆ ಇಳಿಯೋಕೆ ಒಂದು ಹಳೇ ಲಿಫ್ಟ್ ಇದೆ, 1897ರಿಂದಲೂ ಓಡುತ್ತಿದೆ. ಹತ್ತಿ ಇಳಿಯಲಾಗದವರಿಗೆ ಇದೊಂದು ವರ.

ಸೇತುವೆಯಾಚೆ ಕರಡಿ ಪಾರ್ಕ್. ಬರ್ನ್ ಊರಿನ ಲಾಂಛನವೇ ಕರಡಿ. ಮೊದಲು ಅವುಗಳನ್ನು ಕಲ್ಲಿನ ಗುಂಡಿಯಲ್ಲಿ ಇಟ್ಟಿದ್ದರು. 2009ರಲ್ಲಿ ನದಿ ದಡದ ಇಳಿಜಾರಿನಲ್ಲಿ ಮರ, ನೀರು ಇರುವ ಜಾಗ ಮಾಡಿಕೊಟ್ಟರು. ನೋಡೋಕೆ ಟಿಕೆಟ್ ಇಲ್ಲ. ಚಳಿಗಾಲದಲ್ಲಿ ಕರಡಿಗಳು ನಿದ್ದೆಗೆ ಹೋಗುತ್ತವೆ, ಆಗ ಕಾಣದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅದರ ಮೇಲಿನ ಗುಡ್ಡದಲ್ಲಿ ಗುಲಾಬಿ ತೋಟ ರೋಸನ್‌ಗಾರ್ಟನ್ ಇದೆ. ನದಿ ಊರನ್ನು ಬಳಸಿರುವುದು ಒಂದೇ ನೋಟಕ್ಕೆ ಕಾಣುವುದು ಅಲ್ಲಿಂದ. ಕೆಳಗಿಂದ ದಾರಿ ಕಡಿದು. ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಸ್ಟೇಷನ್ನಿಂದ 10ನೇ ನಂಬರ್ ಬಸ್ ಹಿಡಿಯಿರಿ. ಸಂಜೆ ಹೊತ್ತು ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಐದಕ್ಕೆ ಮೊದಲೇ ಕತ್ತಲೆ.

ಎರಡನೇ ದಿನವನ್ನು ಇಲ್ಲಿಂದಲೇ ಗಟ್ಟಿ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಎದ್ದು ಆಕಾಶ ನೋಡಿ. ತಿಳಿಯಾಗಿದ್ದರೆ ಗುರ್ಟೆನ್ ಗುಡ್ಡ. ಟ್ರಾಮ್ 9 ಹಿಡಿದರೆ ಬುಡದ ಸ್ಟಾಪ್, ಅಲ್ಲಿಂದ ಹಳಿಯ ಮೇಲೆ ಗುಡ್ಡ ಏರುವ ಕೇಬಲ್ ರೈಲು. 858 ಮೀಟರ್ ಎತ್ತರ ಅಷ್ಟೇ, ಉಸಿರಿಗೆ ತೊಂದರೆಯಿಲ್ಲ. ಐಗರ್, ಮ್ಯೋಂಶ್, ಯುಂಗ್‌ಫ್ರಾವ್ ಹಿಮಶಿಖರಗಳು ಅಲ್ಲಿಂದ ಸಾಲಾಗಿ ಕಾಣುತ್ತವೆ. ಮೋಡ ಕವಿದಿದ್ದರೆ 12ನೇ ಬಸ್ಸಿನ ಕೊನೆಯ ಸ್ಟಾಪ್, ಪಾಲ್ ಕ್ಲೇ ಕೇಂದ್ರ. ಬರ್ನ್ ಪಕ್ಕದಲ್ಲೇ ಹುಟ್ಟಿದ ಈ ಚಿತ್ರಕಾರನಿಗಾಗಿ ರೆಂಜೊ ಪಿಯಾನೊ ವಿನ್ಯಾಸ ಮಾಡಿದ, ಮೂರು ಅಲೆಯಂತೆ ಏಳುವ ಕಟ್ಟಡ. 2005ರಲ್ಲಿ ತೆರೆಯಿತು. ಪಾರ್ಲಿಮೆಂಟ್ ಭವನ ಸ್ಟೇಷನ್ನಿಗೆ ಹತ್ತಿರ. ಅದರ ಮುಂದಿನ ಚೌಕದಲ್ಲಿ ನೆಲದಿಂದ ಚಿಮ್ಮುವ 26 ನೀರಿನ ಎಳೆಗಳು 26 ಪ್ರಾಂತ್ಯಗಳ ಲೆಕ್ಕ. ಬೇಸಿಗೆಯಲ್ಲಿ ಮಕ್ಕಳು ಅದರಲ್ಲೇ ಆಡುತ್ತಿರುತ್ತಾರೆ. ಊರಿನವರು ಬೇಸಿಗೆಯಲ್ಲಿ ಆರೆ ನದಿಯಲ್ಲಿ ತೇಲಿಕೊಂಡು ಹೋಗುವುದನ್ನೂ ನೋಡುತ್ತೀರಿ. ನೋಡಿ ಸಂತೋಷಪಡಿ, ಇಳಿಯಬೇಡಿ. ಸೆಳೆತ ಜೋರು, ನೀರು ತಣ್ಣಗೆ. ಚೆನ್ನಾಗಿ ಈಜು ಬಲ್ಲವರಿಗೆ ಮಾತ್ರ ಅದು.

ಯುಂಗ್‌ಫ್ರಾವ್‌ಯೋಖ್‌ಗೆ ಹೋಗಿ ಬರೋಣವಾ ಅಂತ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಹಿಮಶಿಖರಗಳ ನಡುವೆ 1912ರಲ್ಲಿ ಶುರುವಾದ ಆ ರೈಲ್ವೆ ಸ್ಟೇಷನ್ 3,454 ಮೀಟರ್ ಎತ್ತರದಲ್ಲಿದೆ. ಹೋಗಿ ಬರೋಕೆ ಹೆಚ್ಚುಕಮ್ಮಿ ಒಂದು ಪೂರ್ತಿ ದಿನ ಬೇಕು, ಟಿಕೆಟ್ ದುಬಾರಿ, ಮೋಡ ಬಂದರೆ ಏನೂ ಕಾಣುವುದಿಲ್ಲ. ವಯಸ್ಸಾದವರಿಗೆ ಆ ಎತ್ತರದಲ್ಲಿ ತಲೆ ಸುತ್ತಬಹುದು, ಡಾಕ್ಟರನ್ನು ಕೇಳದೆ ಕರೆದುಕೊಂಡು ಹೋಗಬೇಡಿ. ಎರಡೇ ದಿನ ಇರುವಾಗ ನಾನು ಬೇಡ ಅನ್ನುತ್ತೇನೆ. ಸರೋವರ ನೋಡುವ ಆಸೆ ಇದ್ದರೆ ಟೂನ್ ಊರು ರೈಲಿನಲ್ಲಿ ಇಪ್ಪತ್ತೇ ನಿಮಿಷ. ಅಲ್ಲಿ ಕೋಟೆ ಇದೆ, ಸರೋವರದಲ್ಲಿ ದೋಣಿ ಸವಾರಿ ಇದೆ, ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರಬಹುದು.

ಈಗ ಪಾಸ್ ವಿಷಯ. ಸ್ವಿಸ್ ಟ್ರಾವೆಲ್ ಪಾಸ್ ಕಡಿಮೆ ಅಂದರೂ ಮೂರು ದಿನದ್ದು. ನಿಮ್ಮ ಎರಡು ದಿನಕ್ಕೆ, ಅದೂ ಒಂದೇ ಊರಲ್ಲಿ ಇರುವವರಿಗೆ, ಅದು ದಂಡ. ಬರ್ನ್‌ನ ಹೋಟೆಲಿನಲ್ಲಿ ತಂಗುವವರಿಗೆ ಬರ್ನ್ ಟಿಕೆಟ್ ಅಂತ ಕೊಡುತ್ತಾರೆ. ಇದ್ದಷ್ಟು ದಿನ ಊರೊಳಗಿನ ಬಸ್, ಟ್ರಾಮ್, ಗುರ್ಟೆನ್ ರೈಲು ಎಲ್ಲಾ ಅದರಲ್ಲೇ ಬಂತು. ಬುಕ್ ಮಾಡುವಾಗಲೇ ಹೋಟೆಲಿನವರನ್ನು ಕೇಳಿಟ್ಟುಕೊಳ್ಳಿ. ಉಳಿಯುವುದು ಬಂದು ಹೋಗುವ ರೈಲು ಮಾತ್ರ. ಜ್ಯೂರಿಕ್ ಮುಖ್ಯ ಸ್ಟೇಷನ್ನಿಂದ ಬರ್ನ್ ಒಂದು ಗಂಟೆಯೊಳಗಿನ ದಾರಿ. ದಿನ, ಸಮಯ ಖಚಿತವಾಗಿದ್ದರೆ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಸೂಪರ್‌ಸೇವರ್ ಟಿಕೆಟ್ ಮುಂಚೆಯೇ ತಗೊಳ್ಳಿ, ದರ ತುಂಬಾ ಇಳಿಯುತ್ತದೆ. ಆದರೆ ಅದು ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ. ವಿಮಾನ ಇಳಿದ ದಿನಕ್ಕೆ ಅದು ಬೇಡ, ವಿಮಾನ ತಡವಾದರೆ ದುಡ್ಡು ಹೋಯಿತು. ಸೀಟು ಕಾದಿರಿಸುವ ಗೋಜಿಲ್ಲ.

ವೀಸಾ ಷೆಂಗೆನ್‌ನದ್ದೇ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಪ್ರವಾಸದಲ್ಲಿ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಿಮ್ಮದು ಸ್ವಿಟ್ಜರ್ಲೆಂಡ್ ಆಗಿರಲಾರದು, ಅಲ್ವಾ? ಆರು ತಿಂಗಳ ಮುಂಚೆಯಿಂದಲೇ ಹಾಕಬಹುದು. ಅಲ್ಲಿ ಯೂರೋ ನಡೆಯುವುದಿಲ್ಲ ಅಂತಲ್ಲ, ಆದರೆ ನಾಣ್ಯ ಫ್ರಾಂಕ್. ಕಾರ್ಡ್ ಎಲ್ಲಾ ಕಡೆ ನಡೆಯುತ್ತದೆ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಅಡಾಪ್ಟರ್ ಇರಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ರೋಷ್ಟಿ ಅಂದರೆ ತುರಿದ ಆಲೂಗಡ್ಡೆಯನ್ನು ಬಾಣಲೆಯಲ್ಲಿ ಕೆಂಪಗೆ ಹುರಿದದ್ದು. ಬರ್ನ್ ಕಡೆಯ ತಿಂಡಿ, ನಮ್ಮ ನಾಲಿಗೆಗೆ ಒಗ್ಗುತ್ತದೆ. ಆದರೆ ಹಂದಿ ಮಾಂಸದ ಚೂರು ಹಾಕುವುದುಂಟು, ಬೇಡ ಅಂತ ಮೊದಲೇ ಹೇಳಿ. ಕರಗಿಸಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ ಚೀಸ್ ಫಾಂಡ್ಯೂಗೆ ಬಿಳಿ ವೈನ್ ಹಾಕುತ್ತಾರೆ. ಗ್ರುಯೇರ್, ಎಮ್ಮೆಂಟಾಲರ್ ಥರದ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ಅಂಶ ಬಳಸುತ್ತಾರೆ. ಮಡಿ ಪಾಲಿಸುವ ಅಮ್ಮನಿಗೆ ಇದನ್ನು ಮುಂಚೆಯೇ ಹೇಳುವುದು ನ್ಯಾಯ. ಸೂಪರ್‌ಮಾರ್ಕೆಟ್ಟಿನ ಬ್ರೆಡ್ಡು, ಹಣ್ಣು, ಮೊಸರು ಒಂದು ಹೊತ್ತಿಗೆ ಆಯಿತು. ಹೋಟೆಲ್ ಊಟದ ಖರ್ಚೂ ಉಳಿಯುತ್ತದೆ.

ಕೊನೆಯದಾಗಿ, ಬುಕ್ ಮಾಡುವ ಮೊದಲು ವಾರ ನೋಡಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸ್ಟೇಷನ್ ಒಳಗಿನವು ಮಾತ್ರ ತೆರೆದಿರುತ್ತವೆ. ಪಾಲ್ ಕ್ಲೇ ಕೇಂದ್ರಕ್ಕೆ, ಇತಿಹಾಸ ಮ್ಯೂಸಿಯಂಗೆ ಸೋಮವಾರ ರಜೆ. ಮಂಗಳವಾರ ಮತ್ತು ಶನಿವಾರ ಪಾರ್ಲಿಮೆಂಟ್ ಸುತ್ತಮುತ್ತ ತರಕಾರಿ, ಹೂವಿನ ಸಂತೆ. ನವೆಂಬರ್‌ನ ನಾಲ್ಕನೇ ಸೋಮವಾರ ಮಾತ್ರ ಊರಿಗೆ ಊರೇ ಬೆಳಗಿನ ಜಾವದಿಂದ ಈರುಳ್ಳಿ ಸಂತೆಗೆ ಬಂದಿರುತ್ತದೆ. ಜಡೆ ಹೆಣೆದ ಈರುಳ್ಳಿ ಗೊಂಚಲುಗಳು ನೋಡೋಕೆ ಚೆಂದ, ಆದರೆ ಆ ರಾತ್ರಿಗೆ ರೂಮು ಸಿಗುವುದು ಕಷ್ಟ. ಬೇರೆ ದಿನಗಳಲ್ಲಾದರೆ ಶನಿವಾರ ಬೆಳಿಗ್ಗೆ ತಲುಪಿ, ಸಾಮಾನು ಹೋಟೆಲಿನಲ್ಲಿಟ್ಟು ಸಂತೆಯಿಂದ ಶುರು ಮಾಡಿ. ಭಾನುವಾರ ಗುರ್ಟೆನ್ ಅಥವಾ ಮ್ಯೂಸಿಯಂ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಹೊರಡಬಹುದು.