ಒಂದ್ಸಲ ಕುಯ್ದರೆ ಎರಡನೇದೂ ಕುಯ್ಯಲೇಬೇಕಾ?

ಮಂಡ್ಯ ಕಡೆ ಬಸುರಿಯನ್ನು ಮಾತಾಡಿಸಲು ಬಂದವರು ಕೇಳೋದು ಇದನ್ನೇ. "ಮೊದ್ಲನೇದು ಆಪರೇಷನ್ನಾ? ಹಂಗಾರೆ ಎರಡನೇದೂ ಅದೇ ಬುಡವ್ವ." ಈ ಮಾತಿಗೆ ನೂರು ವರ್ಷ ದಾಟಿದೆ. 1916ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಎಡ್ವಿನ್ ಕ್ರೇಗಿನ್ ಹೆಚ್ಚುಕಮ್ಮಿ ಇದನ್ನೇ ಬರೆದಿದ್ದರು. ಆದರೆ ಅವರ ಕಾಳಜಿ ಬೇರೆ ಇತ್ತು: ಮುಂದಿನ ಹೆರಿಗೆಗಳಿಗೂ ಇದು ಅಂಟಿಕೊಳ್ಳುತ್ತೆ, ಅದಕ್ಕೇ ಮೊದಲ ಸಿಸೇರಿಯನ್ನನ್ನು ಸುಮ್ನೆ ಮಾಡಬೇಡಿ ಅಂತ. ಎಚ್ಚರಿಕೆ ಮರೆತುಹೋಯಿತು, ನಿಯಮ ಮಾತ್ರ ಉಳಿಯಿತು.

ಆಗ ಆ ನಿಯಮಕ್ಕೆ ಕಾರಣವೂ ಇತ್ತು. ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಕುಯ್ಯುತ್ತಿದ್ದರು. ನೋವು ಬಂದಾಗ ಬಿಗಿಯಾಗಿ ಹಿಂಡುವುದು ಆ ಮೇಲಿನ ದಪ್ಪ ಭಾಗವೇ. ಹಳೇ ಹೊಲಿಗೆ ಬಿಟ್ಟುಕೊಳ್ಳುವ ಭಯ ಜಾಸ್ತಿ. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್, ಕೆಳಗಿನ ತೆಳು ಭಾಗದಲ್ಲಿ ಅಡ್ಡಕ್ಕೆ ಕುಯ್ಯುವ ಪದ್ಧತಿಯನ್ನು ಬಳಕೆಗೆ ತಂದರು. ಈಗ ನಡೆಯುವುದು ಬಹುತೇಕ ಅದೇ. ಇಂಥ ಒಂದು ಗಾಯ ಇದ್ದವರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಗರ್ಭಕೋಶ ಬಿರಿಯುತ್ತದೆ. 100ರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಸಹಜ ಹೆರಿಗೆಯೇ ಆಗುತ್ತದೆ.

200ಕ್ಕೆ ಒಂದು ಅಂದರೆ ಕಮ್ಮಿ ಅನ್ನಿಸುತ್ತೆ, ಅಲ್ವಾ? ಆದರೆ ಬಿರಿದಾಗ ಕೈಯಲ್ಲಿರುವುದು ನಿಮಿಷಗಳು. ಹಲವು ಸಲ ಮೊದಲ ಸುಳಿವೇ ಮಗುವಿನ ಎದೆಬಡಿತ ಇಳಿಯುವುದು. ತಾಯಿಗೆ ವಿಪರೀತ ರಕ್ತಸ್ರಾವ ಆಗಬಹುದು, ಗರ್ಭಕೋಶವನ್ನೇ ತೆಗೆಯಬೇಕಾಗಿ ಬರಬಹುದು, ಮಗು ಉಳಿಯದೆಯೂ ಹೋಗಬಹುದು.

ಅಮೆರಿಕದಲ್ಲಿ ಈ ವಿಷಯ ಉಯ್ಯಾಲೆಯಂತೆ ತೂಗಿದೆ. 1980ರಲ್ಲಿ ತಜ್ಞರ ಸಭೆ ಸಹಜ ಹೆರಿಗೆಗೆ ಒಪ್ಪಿತು. 1996ರ ಹೊತ್ತಿಗೆ ಸಿಸೇರಿಯನ್ ಆಗಿದ್ದವರಲ್ಲಿ 100ಕ್ಕೆ 28 ಮಂದಿ ಹಾಗೇ ಹೆತ್ತರು. ಆಮೇಲೆ ಬಿರಿದ ಪ್ರಕರಣಗಳು, ಕೋರ್ಟು ಕೇಸುಗಳು. ಹತ್ತು ವರ್ಷದಲ್ಲಿ ಅದು 10ಕ್ಕಿಂತ ಕೆಳಗಿಳಿಯಿತು. 2001ರಲ್ಲಿ ವಾಷಿಂಗ್ಟನ್ ರಾಜ್ಯದ ಅಧ್ಯಯನವೊಂದು ಹೊರಬಂತು. ತಾನಾಗೇ ನೋವು ಬಂದವರಲ್ಲಿ ಬಿರಿಯುವುದು ಸಾವಿರಕ್ಕೆ ಸುಮಾರು 5. ಪ್ರೊಸ್ಟಗ್ಲಾಂಡಿನ್ ಅನ್ನೋ ಔಷಧಿ ಕೊಟ್ಟು ನೋವು ಬರಿಸಿದವರಲ್ಲಿ ಸಾವಿರಕ್ಕೆ 24ಕ್ಕೂ ಹೆಚ್ಚು. ಅಂದರೆ ಅವಸರ ಮಾಡಿಸಿದ್ದೇ ದೊಡ್ಡ ಅಪಾಯ.

ಹಾಗಂತ ಮತ್ತೆ ಆಪರೇಷನ್ ಪೂರ್ತಿ ಸೇಫ್ ಅನ್ನೋಹಾಗೂ ಇಲ್ಲ. ಮಾಸು (ಪ್ಲಾಸೆಂಟಾ) ಹಳೇ ಗಾಯದ ಮೇಲೆ ಬೇರುಬಿಟ್ಟು ಅಂಟಿಕೊಳ್ಳುವ ಅಪಾಯ ಪ್ರತಿ ಸಿಸೇರಿಯನ್‌ಗೂ ಏರುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರಂತೂ ಎರಡನೇ ಸಿಸೇರಿಯನ್‌ನಲ್ಲಿ 100ಕ್ಕೆ 11 ಮಂದಿಗೆ, ಮೂರನೆಯದರಲ್ಲಿ 40 ಮಂದಿಗೆ ಹೀಗಾಗುತ್ತದೆ. ಮೂರು ನಾಲ್ಕು ಮಕ್ಕಳು ಬೇಕು ಅನ್ನುವವರು ಇದನ್ನು ಕೇಳಿಸಿಕೊಳ್ಳಬೇಕು.

ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015-16ರಲ್ಲಿ 100ಕ್ಕೆ 23.6 ಇದ್ದದ್ದು 2019-21ರ ಸಮೀಕ್ಷೆಯಲ್ಲಿ 31.5 ಆಗಿದೆ. ಗಾಯ ಹೊತ್ತ ಗರ್ಭಕೋಶಗಳು ಹೆಚ್ಚುತ್ತಲೇ ಇವೆ. ಸಹಜ ಹೆರಿಗೆಗೆ ಪ್ರಯತ್ನಿಸುವುದಾದರೆ ಆಪರೇಷನ್ ಥಿಯೇಟರ್, ರಕ್ತ, ಅರಿವಳಿಕೆ ಡಾಕ್ಟರ್ ಮೂರೂ ರಾತ್ರಿ ಹೊತ್ತೂ ಸಿಗುವ ಜಾಗ ಬೇಕು. ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಸೇರಿದ ಮಾತಿದು. ಮಳವಳ್ಳಿಯಾಚೆಯ ಹಳ್ಳಿಯ ಮನೆಯಲ್ಲಿ ನೋವು ತಿಂದು, ಆಮೇಲೆ 108ಕ್ಕೆ ಫೋನ್ ಮಾಡೋಣ ಅನ್ನುವಂಥದ್ದಲ್ಲ.

ಇನ್ನೊಂದು ಮಾತು. ಹೊಟ್ಟೆ ಮೇಲಿನ ಗೆರೆ ನೋಡಿ ಒಳಗೆ ಹೇಗೆ ಕುಯ್ದಿದ್ದಾರೆ ಅಂತ ಹೇಳಲಾಗದು. ಚರ್ಮದ ಮೇಲೆ ಅಡ್ಡ ಗೆರೆ ಇದ್ದರೂ ಒಳಗೆ ಉದ್ದಕ್ಕೆ ಕುಯ್ದಿರಬಹುದು. ಅದು ಗೊತ್ತಾಗುವುದು ಹಳೇ ಡಿಸ್ಚಾರ್ಜ್ ಚೀಟಿಯಿಂದ. ನಮ್ಮಲ್ಲಿ ಮೊದಲ ಬಾಣಂತನ ತವರಲ್ಲಿ, ಎರಡನೇದು ಎಷ್ಟೋ ಸಲ ಗಂಡನ ಊರಲ್ಲಿ. ಚೀಟಿ ಅಮ್ಮನ ಮನೆಯ ಬೀರುವಿನಲ್ಲಿ, ಮದುವೆ ಆಲ್ಬಂ ಕೆಳಗೆ ಕೂತಿರುತ್ತದೆ. ಮೂರನೇ ತಿಂಗಳಲ್ಲೇ ಅದನ್ನು ತರಿಸಿಕೊಳ್ಳಿ.